ನನ್ನ ಗಂಡನ ಐರಿಷ್

ಸೆಪ್ಟೆಂಬರ್ 2, ಸೋಮವಾರ

ಕೆಲಸ ಸಿಕ್ಕಿಬಿಟ್ಟಿತು, ಅದೂ ಖಾಯಂ ಕೆಲಸ, ಅದೂ ಮನೆಯಿಂದ ನಡೆದೇ ಹೋಗಬಹುದಾದ ಶಾಲೆಯಲ್ಲಿ, ಮದುವೆಯ ಕೇಕಿನ ಕೊನೆಯ ತುಂಡು ಇನ್ನೂ ಡಬ್ಬಿಯಲ್ಲಿರುವಾಗಲೇ. ಫೋನ್ ಇಟ್ಟವಳೇ ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ರೋನಾನ್ ಸಂಜೆ ಬರುವವರೆಗೆ ಕಾಯಲು ಆಗಲಿಲ್ಲ, ಅವನ ಆಫೀಸಿಗೇ ಓಡಿದೆ. ಅವನು ಜಿಲ್ಲಾ ಕಚೇರಿಯಲ್ಲಿ ರಸ್ತೆ ಇಂಜಿನಿಯರ್. ಟ್ರಲೀ ಊರಿನ ಒಂದೊಂದು ಗುಂಡಿಯೂ ಅವನಿಗೆ ಮುಖಪರಿಚಯ. ಯಾವಾಗಲೂ ಅಳೆದು ತೂಗಿ ಮಾತಾಡುವ ಮನುಷ್ಯ ಇವತ್ತು ಎಲ್ಲರೆದುರು ನನ್ನನ್ನು ಎತ್ತಿ ತಿರುಗಿಸಿಬಿಟ್ಟ. ನನ್ನ ಗಂಡ. ಈ ಎರಡು ಪದ ಬರೆಯುವುದಕ್ಕೇ ಈ ಡೈರಿ ಕೊಂಡೆನೇನೋ. ನನ್ನ ಗಂಡ, ನನ್ನ ಗಂಡ, ನನ್ನ ಗಂಡ.

ಒಂದೇ ಒಂದು ಮುಳ್ಳು. ಹೆಡ್‌ಮಾಸ್ಟರ್ ಕ್ರೋನಿನ್ ಫೋನಿನಲ್ಲಿ ಅಂದರು: "ಇಂಟರ್‌ವ್ಯೂ ದಿನ ನಿಮ್ಮ ಲೆಕ್ಕದ ಪಾಠ ನೋಡಿ ನಾವು ಮೂವರೂ ಖುಷಿಪಟ್ವಿ, ಡರ್ವ್ಲಾ. ಆದ್ರೆ ಐರಿಷ್ ಪರೀಕ್ಷೆ ಒಂದಿದೆಯಲ್ಲ. ಮಾರ್ಚ್‌ನಲ್ಲಿ ಅದು ಆಗ್ಲೇಬೇಕು. ಆಗ್ಲಿಲ್ಲ ಅಂದ್ರೆ ಈ ಜಾಗ ನಿಮಗೆ ಅಂತ ಹಿಡಿದಿಡೋಕೆ ನನ್ನ ಕೈಲಾಗಲ್ಲ."

ಇಲ್ಲಿ ಪ್ರೈಮರಿ ಟೀಚರ್ ಆದವರು ಲೆಕ್ಕ, ಪರಿಸರದ ಜೊತೆ ಐರಿಷ್ ಕೂಡ ಕಲಿಸಬೇಕು. ಐರಿಷ್‌ನಲ್ಲಿ ನನಗೆ ಬಂದ ಅಂಕಗಳನ್ನು ನೋಡಿ ಇಲ್ಲಿನ ಯಾವ ಕಾಲೇಜೂ ಸೇರಿಸಿಕೊಳ್ಳದ್ದರಿಂದಲೇ ನಾನು ಲಿವರ್‌ಪೂಲ್‌ಗೆ ಹೋಗಿ ಟೀಚರ್ ತರಬೇತಿ ಮುಗಿಸಿ ಬಂದದ್ದು. ನಾನು ಅಪ್ಪಟ ಇಂಗ್ಲಿಷ್ ಮೀಡಿಯಂ. ವಾಟರ್‌ಫರ್ಡ್‌ನ ನಮ್ಮ ಶಾಲೆಯಲ್ಲಿ ಐರಿಷ್ ಅಂದರೆ ದಿನಕ್ಕೊಂದು ಪೀರಿಯಡ್, ಮಿಸೆಸ್ ಹ್ಯಾಕೆಟ್ ಮತ್ತು ಹೊಟ್ಟೆನೋವು. ಅವರು ಒಬ್ಬೊಬ್ಬರನ್ನೇ ನಿಲ್ಲಿಸಿ ಕ್ರಿಯಾಪದ ಹೇಳಿಸುತ್ತಾ ಹಿಂದಿನ ಬೆಂಚಿನತ್ತ ಬರುವಾಗ, ನನ್ನ ಪಾಲಿಗೆ ಎಷ್ಟನೆಯದು ಬರುತ್ತದೆಂದು ಮೊದಲೇ ಎಣಿಸಿ, ಅದೊಂದನ್ನೇ ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಎಣಿಕೆ ಒಮ್ಮೆಯೂ ತಪ್ಪಲಿಲ್ಲ. ಲೆಕ್ಕ ಅಂದರೆ ನನಗೆ ಪ್ರಾಣ. ಟೀಚರ್ ಮುಖ ಗಂಟಿಕ್ಕಿದರೂ ಏಳೆಂಟಲ ಐವತ್ತಾರೇ. ಐರಿಷ್‌ನಲ್ಲಿ ಅಷ್ಟು ವರ್ಷ ಕಲಿತು ನನಗೆ ಉಳಿದಿರುವುದು ಈ ದೇಶದ ಎಲ್ಲರಿಗೂ ಉಳಿದಿರುವ ಆ ಒಂದೇ ವಾಕ್ಯ: ಟೀಚರ್, ನಾನು ಟಾಯ್ಲೆಟ್‌ಗೆ ಹೋಗಬಹುದೇ.

ರೋನಾನ್ ಐರಿಷ್ ಮೀಡಿಯಂ. ಲೆಕ್ಕ, ವಿಜ್ಞಾನ, ಮೈದಾನದ ಬೈಗುಳ, ಎಲ್ಲವನ್ನೂ ಐರಿಷ್‌ನಲ್ಲೇ ಕಲಿತವನು. "ಮನೇಲೇ ಮೇಷ್ಟ್ರು ಇದ್ದಾನಲ್ಲೇ, ನಿಂಗ್ಯಾಕೆ ಚಿಂತೆ?" ಅಂದ. ಅದೂ ನಿಜವೇ. ಪುಣ್ಯವಂತೆ ನಾನು.

ಸೆಪ್ಟೆಂಬರ್ 12, ಗುರುವಾರ

ಮನೆಯ ಮೇಷ್ಟ್ರನ್ನು ಕೆಲಸದಿಂದ ತೆಗೆದೆ.

ನಾನು ಬಾಯಿ ತೆರೆದರೆ ಸಾಕು, ತಿದ್ದುತ್ತಾನೆ. ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಮೂರು ಸಲ. "ಸುಮ್ನೆ ಕೇಳಿಸ್ಕೊಳ್ಳೋಕಾಗಲ್ವಾ ನಿಂಗೆ?" ಅಂದೆ. "ತಪ್ಪು ಕೇಳಿಸಿದ್ರೆ ಕಿವಿ ತುರಿಸುತ್ತೆ ಕಣೇ" ಅಂದ. "ಹಾಗಾದ್ರೆ ಮಿಸೆಸ್ ಹ್ಯಾಕೆಟ್‌ನೇ ಮದುವೆ ಆಗ್ಬೇಕಿತ್ತು" ಅಂದೆ. ಇಬ್ಬರೂ ನಕ್ಕು, ಪುಸ್ತಕ ಮುಚ್ಚಿ, ಚಹಾ ಕುಡಿದೆವು. ಎಷ್ಟು ಚೆನ್ನಾಗಿತ್ತು.

ಆಗ ಅವನ ಫೋನ್ ಬಂತು. ಹೆಸರು ನೋಡಿದವನೇ ಎದ್ದು ಹೊರಗಿನ ಪಡಸಾಲೆಗೆ ಹೋಗಿ ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತ. ಅಲ್ಲಿಂದ ಐರಿಷ್ ಹರಿದುಬಂತು. ನನ್ನ ಗಂಡನಿಗೆ ಇನ್ನೊಂದು ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಇಂಗ್ಲಿಷ್‌ನಲ್ಲಿ ಅವನು ಪದಗಳನ್ನು ಚಮಚದಲ್ಲಿ ಬಡಿಸುವವನು. ಐರಿಷ್‌ನಲ್ಲಿ ಸೌಟಿನಲ್ಲಿ ಸುರಿಯುತ್ತಾನೆ, ನಗುತ್ತಾನೆ, ಕಿಚಾಯಿಸುತ್ತಾನೆ. ಆ ಕಡೆಯಿಂದ ಹೆಣ್ಣಿನ ನಗು. ನನಗೆ ತಿಳಿದದ್ದು ಎರಡೇ ಪದ. ಒಂದು ನನ್ನ ಹೆಸರು, ಇನ್ನೊಂದು ಕೊನೆಯಲ್ಲಿ ಅವನಂದ "ಸ್ಲಾನ್", ಬರ್ತೀನಿ ಅಂತ.

"ಯಾರದು?"

"ಬ್ಲಾನಿಡ್. ನಮ್ಮ ಶಾಲೆಯವಳು. ಡಬ್ಲಿನ್‌ನಲ್ಲಿದ್ದಾಳೆ, ಮದುವೆಗೆ ಬರೋಕಾಗಲಿಲ್ಲವಲ್ಲ, ಅವಳೇ."

"ಏನಂತೆ?"

"ಅವಳದೊಂದು ವಿಷಯ ಇದೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ, ಚಿನ್ನ."

ನಾನು ಯಾರೋ ಅಲ್ಲವಲ್ಲ. ಆದರೆ ಹಾಗೆ ಅನ್ನಲಿಲ್ಲ. ಮದುವೆಯಾಗಿ ತಿಂಗಳೂ ಆಗಿಲ್ಲ, ಅನುಮಾನದ ಹೆಂಡತಿ ಅನ್ನಿಸಿಕೊಳ್ಳಲು ಇಷ್ಟವಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಮಂಗಳವಾರ, ಗುರುವಾರ. ಊಟ ಮುಗಿದ ಮೇಲೆ, ತಪ್ಪದೆ. ಬಾನುಲಿ ಕಾರ್ಯಕ್ರಮದ ಹಾಗೆ.

ಇವತ್ತು ಒಗೆದ ಬಟ್ಟೆಗಳನ್ನು ಮಡಿಸಲು ಮಾಳಿಗೆಗೆ ಹೋದೆ. ಅವನು ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತಿದ್ದ. ದಿಂಬಿನ ಚೀಲಗಳನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಮಾತು ತಿಳಿಯದಿದ್ದರೆ ಏನಂತೆ, ದನಿ ತಿಳಿಯುವುದಿಲ್ಲವೇ? ಸಮಾಧಾನ ಮಾಡುವ ದನಿ ಅದು. ನನಗೆ ಹಲ್ಲುನೋವು ಬಂದಾಗ ಇಂಗ್ಲಿಷ್‌ನಲ್ಲಿ ಮಾಡಿದ್ದನ್ನು ಅವಳಿಗೆ ಐರಿಷ್‌ನಲ್ಲಿ ಮಾಡುತ್ತಿದ್ದಾನೆ, ಇನ್ನೂ ಚೆನ್ನಾಗಿ.

ಅಕ್ಟೋಬರ್ 8, ಮಂಗಳವಾರ

ಒಂದು ನಿಘಂಟು ಕೊಂಡೆ. ಪರೀಕ್ಷೆಗಲ್ಲ. ಬಟ್ಟೆ ಬುಟ್ಟಿಯಲ್ಲಿ ಟವೆಲ್‌ಗಳ ಕೆಳಗೆ ಇಟ್ಟಿದ್ದೇನೆ.

ಇವತ್ತು ಮಾಳಿಗೆಯಿಂದ ಅಂಕಿಗಳು ಕೇಳಿದವು. ಎರಡನೇ ತರಗತಿಯ ಮಕ್ಕಳಿಗೆ ದಿನವೂ ಐರಿಷ್‌ನಲ್ಲಿ ಒಂದರಿಂದ ನೂರು ಹೇಳಿಸುತ್ತಿದ್ದೇನಲ್ಲ, ಅಷ್ಟು ಈಗ ಕಿವಿಗೆ ಹತ್ತುತ್ತದೆ. ಮೂರು ಅಂದ. ಎಂಟು ಅಂದ. ಇಪ್ಪತ್ತನಾಲ್ಕು ಅಂದ. ಆಮೇಲೆ ಅರ್ಧ ಅಂದ, ಎರಡು ಸಲ. ಏನು ಅರ್ಧ? ಅರ್ಧ ಗಂಟೆಯೇ? ದಾರಿಯ ಅರ್ಧಕ್ಕೆ ಎಲ್ಲೋ ಸೇರುವುದೇ? ಇಪ್ಪತ್ತನಾಲ್ಕನೇ ತಾರೀಖು ರೋನಾನ್‌ಗೆ ಲಿಮರಿಕ್‌ನಲ್ಲಿ ಆಫೀಸಿನ ಮೀಟಿಂಗ್ ಇದೆ. ಲಿಮರಿಕ್ ಅಂದರೆ ಇಲ್ಲಿಗೂ ಡಬ್ಲಿನ್‌ಗೂ ನಡುವೆ ಎಲ್ಲೋ ಅಲ್ಲವೇ?

ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಆದರೂ ನಕಾಶೆ ತೆಗೆದು ನೋಡಿದೆ.

ಅಕ್ಟೋಬರ್ 31, ಗುರುವಾರ

ಹ್ಯಾಲೋವೀನ್ ಊಟ ಅತ್ತೆಯ ಮನೆಯಲ್ಲಿ. ನೊರೀನ್ ನನ್ನನ್ನು ಬಹಳ ಹಚ್ಚಿಕೊಂಡಿದ್ದಾರೆ, ಅವರ ಬಾಯಿಗೆ ಮಾತ್ರ ಕದವೇ ಇಲ್ಲ. ಬ್ರ್ಯಾಕ್ ಕತ್ತರಿಸಿದರು. ಒಣದ್ರಾಕ್ಷಿ ಹಾಕಿದ ಆ ರೊಟ್ಟಿಯೊಳಗೆ ಒಂದು ಉಂಗುರ ಹುದುಗಿಸಿ ಬೇಯಿಸುತ್ತಾರೆ. ಯಾರ ತುಂಡಿನಲ್ಲಿ ಬರುತ್ತದೋ ಅವರಿಗೆ ವರ್ಷದೊಳಗೆ ಮದುವೆ. ಈ ಸಲ ಅದು ಬಂದದ್ದು ನೊರೀನ್‌ಗೇ.

"ಅಯ್ಯೋ, ಈ ವಯಸ್ಸಲ್ಲಿ ನಂಗ್ಯಾವ ಗಂಡು ಸಿಗ್ತಾನೆ," ಅಂದು ನಕ್ಕರು. ಆಮೇಲೆ ಉಂಗುರವನ್ನು ಬಟ್ಟಲಿಗೆ ಹಾಕುತ್ತಾ, "ಇವರಿಬ್ರೂ ಕೊನೇ ಕ್ಲಾಸಲ್ಲಿದ್ದ ವರ್ಷ ಇದು ಬ್ಲಾನಿಡ್‌ಗೆ ಸಿಕ್ಕಿತ್ತು ನೋಡು. ನಮ್ಮ ಪಕ್ಕದ ಮನೆ ಹುಡುಗಿ, ನಮ್ಮನೇಲೇ ಉಂಡು ಬೆಳೆದೋಳು. ಆವತ್ತು ನಾವೆಲ್ಲ ಇವನ್ನ ಎಷ್ಟು ಗೋಳು ಹುಯ್ಕೊಂಡ್ವಿ ಅಂತೀಯ. ಟೊಮ್ಯಾಟೊ ಥರ ಕೆಂಪಾಗಿದ್ದ."

"ಅಮ್ಮ," ಅಂದ ರೋನಾನ್.

"ಏನೋ ಅಮ್ಮ? ಈಗೇನು, ಮದುವೆ ಆಯ್ತಲ್ಲ ನಿಂಗೆ. ಇವಳೇನು ತಪ್ಪು ತಿಳ್ಕೊಳ್ಳಲ್ಲ. ತಿಳ್ಕೊಳ್ತೀಯೇನೇ?"

"ಛೇ, ಇಲ್ಲಪ್ಪ," ಅಂದೆ. ನನ್ನ ತುಂಡನ್ನು ತಟ್ಟೆಯಲ್ಲೇ ಪುಡಿ ಪುಡಿ ಮಾಡಿದೆ.

ಬೆಂಕಿಗೂಡಿನ ಮೇಲಿದ್ದ ಫೋಟೋ ತೋರಿಸಿದರು. ಶಾಲೆಯ ಸಮವಸ್ತ್ರ, ತಾಮ್ರದ ಬಣ್ಣದ ಕೂದಲು, ಮೂಗಿನ ಮೇಲೆ ಮಚ್ಚೆಗಳು. ಚೆಂದ ಇಲ್ಲ ಎಂದು ಬರೆಯಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದೆ. ಡೈರಿಗೂ ಸುಳ್ಳು ಹೇಳುವುದು ಹೇಗೆ? ಚೆಂದ ಇದ್ದಾಳೆ.

ಗುರುವಾರ ಅಲ್ಲವೇ, ಇವತ್ತೂ ಫೋನ್ ಬಂತು. ಅವನು ಹಿತ್ತಲಿಗೆ ಹೋದ. ನೊರೀನ್ ಕಿಟಕಿಯಿಂದ ನೋಡಿ, "ಅವಳೇ ಇರ್ಬೇಕು, ಬೇರೆ ಯಾರ ಜೊತೆ ಈಗ ಐರಿಷ್ ಆಡ್ತಾನೆ," ಅಂದರು.

ನನ್ನ ಜೊತೆ ಆಡಬಹುದಿತ್ತು. ಆಡಲು ಬಿಡದವಳು ನಾನೇ. ಅದು ಬೇರೆ ಮಾತು.

ನವೆಂಬರ್ 14, ಗುರುವಾರ

"ಅಳಬೇಡ" ಅಂದ ಅವಳಿಗೆ. "ನೀನು ದಡ್ಡಿ ಅಲ್ಲ. ಹೆದರಿದ್ದೀಯ ಅಷ್ಟೆ. ಹನ್ನೆರಡು ವರ್ಷದವಳಿದ್ದಾಗಲೂ ಹೀಗೇ ಹೆದರ್ತಿದ್ದೆ."

ನಿಘಂಟು ನೋಡಬೇಕಾಗಲಿಲ್ಲ. ಬೇಕಾಗಿದ್ದರೆ ಚೆನ್ನಾಗಿತ್ತು.

ನವೆಂಬರ್ 15, ಶುಕ್ರವಾರ

ಇವತ್ತು ಏನೂ ಬರೆಯುವುದಿಲ್ಲ.

ಡಿಸೆಂಬರ್ 3, ಮಂಗಳವಾರ

ಶಾಲೆಯಲ್ಲಿ ಎಲ್ಲವೂ ಎಂದಿನಂತೆ. ಐರಿಷ್ ಪೀರಿಯಡ್‌ನಲ್ಲಿ ಮಕ್ಕಳಿಗೆ ಕಳೆದುಹೋದ ಕುರಿಮರಿಯ ಕಥೆ ಹೇಳುತ್ತಿದ್ದೆ. ಪುಸ್ತಕ ಮನೆಯಲ್ಲೇ ಮರೆತಿದ್ದರಿಂದ ಬಾಯಿಗೆ ಬಂದಂತೆ ಹೇಳಿದೆ. ಮಧ್ಯದಲ್ಲಿ ನೋಡಿದರೆ ಕ್ರೋನಿನ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಾರೆ. ತಲೆಯಾಡಿಸಿ ಹೋದರು. ಏನು ತಪ್ಪು ಸಿಕ್ಕಿತೋ. ಆ ಚಿಂತೆಗೂ ನನ್ನಲ್ಲಿ ಈಗ ಜಾಗವಿಲ್ಲ.

ಯಾಕೆಂದರೆ ಸಂಜೆ ಅವನು ಮೆಟ್ಟಿಲ ಮೇಲೆ ಹೇಳಿದ್ದು ಇದು: "ಇಲ್ಲ, ಅವಳಿಗೆ ಹೇಳಿಲ್ಲ. ಹೇಳಲ್ಲ ಅಂದ್ನಲ್ಲ. ಆದ್ರೆ ಎಷ್ಟು ದಿನ ಅಂತ ಮುಚ್ಚಿಡೋದು, ಹೇಳು? ಅವಳೇನು ಕುರುಡಿಯಾ? ನಾನು ಎದ್ದುಬಂದಾಗೆಲ್ಲ ಅವಳ ಮುಖ ನೋಡೋಕಾಗಲ್ಲ ನಂಗೆ. ಸರಿ, ಸರಿ, ನಿನ್ನಿಷ್ಟ."

ಅವಳಿಗೆ ಎಂದರೆ ನಾನು.

ಕೆಳಗಿಳಿದು ಹೋಗಿ ನೇರವಾಗಿಯೇ ಕೇಳಿದೆ. "ರೋನಾನ್, ನಾನು ತಿಳ್ಕೊಳ್ಳಬೇಕಾದ್ದು ಏನಾದ್ರೂ ಇದ್ಯಾ?"

ಅವನ ಕಿವಿ ಕೆಂಪಾಯಿತು. ಟೊಮ್ಯಾಟೊ ಥರ. "ನೀನಂದ್ಕೊಂಡಿರೋ ಥರದ್ದು ಏನೂ ಇಲ್ಲ ಕಣೇ."

"ನಾನೇನಂದ್ಕೊಂಡಿದ್ದೀನಿ ಅಂತ ನಿಂಗೇನು ಗೊತ್ತು?"

"ಟವೆಲ್‌ಗಳನ್ನ ಹತ್ತು ಸಲ ಮಡಿಸ್ತೀಯ. ಅದ್ರಲ್ಲೇ ಗೊತ್ತಾಗುತ್ತೆ."

ಕ್ರಿಸ್‌ಮಸ್‌ಗೆ ನಾನೊಬ್ಬಳೇ ವಾಟರ್‌ಫರ್ಡ್‌ಗೆ, ಅಮ್ಮನ ಹತ್ತಿರ ಹೋಗುತ್ತೇನೆ ಅಂದೆ. ಅವನು ಹೋಗಿ ಚಹಾ ಮಾಡಿಕೊಂಡು ಬಂದ. ಕುಡಿಯಲಿಲ್ಲ ನಾನು.

ಡಿಸೆಂಬರ್ 12, ಗುರುವಾರ

ಮಲಗುವ ಮೊದಲು ಎಲ್ಲವನ್ನೂ ಬರೆದೇ ತೀರುತ್ತೇನೆ.

ಇವತ್ತು ಶಾಲೆಯಲ್ಲಿ ಪೋಷಕರ ಸಭೆ. ಬೇಗ ಮುಗಿಯಿತು. ಹಿಂಬಾಗಿಲಿನಿಂದ ಒಳಗೆ ಬಂದೆ. ಅಡುಗೆಮನೆಯಲ್ಲಿ ರೋನಾನ್ ನನಗೆ ಬೆನ್ನು ಹಾಕಿ ಮೇಜಿಗೆ ಕುಳಿತಿದ್ದ. ನಾನಿಲ್ಲವೆಂದು ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಸ್ಪೀಕರ್ ಹಾಕಿದ್ದ. ಅವಳ ದನಿಯನ್ನು ಸರಿಯಾಗಿ ಕೇಳಿದ್ದು ಇದೇ ಮೊದಲು. ಕೋಟನ್ನೂ ಬಿಚ್ಚದೆ ಬಾಗಿಲ ಹತ್ತಿರವೇ ನಿಂತುಬಿಟ್ಟೆ.

"ಒಂದು ಮಾತ್ರೆಯಲ್ಲಿ ಐನೂರು ಇದೆ," ಅಂದ ರೋನಾನ್. "ರೋಗಿಗೆ ಬೇಕಾಗಿರೋದು ನೂರ ಇಪ್ಪತ್ತೈದು. ಎಷ್ಟು ಮಾತ್ರೆ ಕೊಡ್ತೀಯ?"

"ನಾಲ್ಕು."

"ನಾಲ್ಕು ಕೊಟ್ರೆ ರೋಗಿ ಸತ್ತೇ ಹೋಗ್ತಾನೆ, ಬ್ಲಾನಿಡ್."

"ಹಾಗಾದ್ರೆ ನಂಗೊತ್ತಿಲ್ಲ."

"ಇದರಿಂದ ಅದನ್ನ ಭಾಗಿಸು, ಅಷ್ಟೇ."

"ಶಾಲೇಲೂ ಹೀಗೇ ಅಷ್ಟೇ ಅಷ್ಟೇ ಅಂತಿದ್ದೆ. ಅಂದು ಉತ್ತರ ಪಿಸುಗುಟ್ಟಿಬಿಡ್ತಿದ್ದೆ. ಅದಕ್ಕೇ ಈ ಗತಿ ಬಂದಿದ್ದು ನಂಗೆ. ಇಲ್ಲಿ ಸಂಜೆ ಕ್ಲಾಸಲ್ಲಿ ಎಲ್ಲ ಇಂಗ್ಲಿಷ್‌ನಲ್ಲಿ ಹೇಳ್ತಾರೆ, ನಂಗೆ ಲೆಕ್ಕದ ಒಂದು ಮಾತೂ ಇಂಗ್ಲಿಷ್‌ನಲ್ಲಿ ತಲೆಗೆ ಹೋಗಲ್ಲ. ಐರಿಷ್‌ನಲ್ಲಿ ಹೇಳಿಕೊಡೋನು ನೀನೊಬ್ಬ. ನಿಂಗೆ ಹೇಳಿಕೊಡೋಕೇ ಬರಲ್ಲ."

"ಅದೂ ನಿಜ. ಡರ್ವ್ಲಾನ ಕೇಳೋಣ ಅಂದ್ರೆ ನೀನು ಬಿಡಲ್ಲ."

"ಬೇಡವೇ ಬೇಡ. ನಿನ್ನ ಹೆಂಡತಿಗೆ ಲೆಕ್ಕ ಅಂದ್ರೆ ನೀರು ಕುಡಿದ ಹಾಗಂತೆ, ನಿಮ್ಮಮ್ಮ ಫೋನ್ ಮಾಡಿದಾಗೆಲ್ಲ ಅದೇ ಹೇಳ್ತಾರೆ. ನಾನು ಲೆಕ್ಕದಲ್ಲಿ ಫೇಲ್ ಆಗಿದ್ದೆ ಅಂತ ಅವಳಿಗೆ ಗೊತ್ತಾದ್ರೆ ನಕ್ಕುಬಿಡ್ತಾಳೆ. ಹೊಟ್ಟೆ ಉರಿಯುತ್ತೆ ಕಣೋ ನಂಗೆ ಅವಳನ್ನ ನೆನೆದ್ರೆ."

ಹೊಟ್ಟೆ ಉರಿಯುವುದು ಅವಳಿಗೆ. ನನ್ನನ್ನು ನೆನೆದು.

ನಾನು ಅಲ್ಲೇ ಅತ್ತುಬಿಡಬೇಕಿತ್ತು, ಇಲ್ಲವೇ ಜಗಳ ಆಡಬೇಕಿತ್ತು. ಅಷ್ಟರಲ್ಲಿ ರೋನಾನ್ ಮತ್ತೆ ಶುರುಮಾಡಿದ: "ನೋಡು, ಸುಲಭ. ಮೇಲಿನದಕ್ಕೆ ಕೆಳಗಿನದು, ಎರಡನ್ನೂ ಐದರಿಂದ ಹೊಡಿ..." ಅಷ್ಟು ಕೆಟ್ಟದಾಗಿ ಪಾಠ ಮಾಡುವುದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ತಡೆಯಲಾಗಲಿಲ್ಲ. ಹೋಗಿ ಅವನ ಕೈಯ ಪೆನ್ನು ಕಿತ್ತುಕೊಂಡೆ.

"ನೀನು ಸುಮ್ನಿರು," ಅಂದೆ ಅವನಿಗೆ. ಫೋನಿನ ಕಡೆ ತಿರುಗಿ, "ಬ್ಲಾನಿಡ್, ನಿಮ್ಮ ಹತ್ರ ರೊಟ್ಟಿ ಏನಾದ್ರೂ ಇದ್ಯಾ?"

ಆ ಕಡೆಯಿಂದ ಸಣ್ಣಗೆ, "ಸೋಡಾ ಬ್ರೆಡ್ ಇದೆ."

"ಇಡೀ ಬ್ರೆಡ್ ಐನೂರು ಅಂದ್ಕೊಳ್ಳಿ. ಮಧ್ಯಕ್ಕೆ ಕತ್ತರಿಸಿ. ಈಗ ಒಂದೊಂದು ತುಂಡಲ್ಲಿ ಎಷ್ಟಿದೆ?"

ಚಾಕುವಿನ ಸದ್ದು. "ಇನ್ನೂರ ಐವತ್ತು."

"ಅದನ್ನ ಮತ್ತೆ ಕತ್ತರಿಸಿ."

"ನೂರ ಇಪ್ಪತ್ತೈದು."

"ರೋಗಿಗೆ ಎಷ್ಟು ತುಂಡು ಕೊಡ್ತೀರಿ?"

"ಒಂದು. ಒಂದೇ ಒಂದು. ನಾಲ್ಕರಲ್ಲಿ ಒಂದು." ದನಿ ಬದಲಾಗಿತ್ತು.

"ನೀವು ಆಗ ಹೇಳಿದ ನಾಲ್ಕೂ ಪೂರ್ತಿ ತಪ್ಪಲ್ಲ. ನಾಲ್ಕು ಅಲ್ಲೇ ಇತ್ತು, ತಲೆಕೆಳಗಾಗಿ ನಿಂತಿತ್ತು. ನಮ್ಮ ಕ್ಲಾಸಿನ ಮಕ್ಕಳೂ ಹಾಗೇ ಮಾಡ್ತಾರೆ. ದಡ್ಡರೇನಲ್ಲ ಅವರು, ಅವಸರ ಅಷ್ಟೆ."

ಆಮೇಲೆ ಅವಳು ಕೇಳಿದಳು: "ನಿಮಗೆ ಐರಿಷ್ ಬರಲ್ಲ ಅಂತಿದ್ನಲ್ಲ ಇವನು?"

"ಬರಲ್ಲ. ಒಂದು ಮಾತೂ ಬರಲ್ಲ ನಂಗೆ. ಮಾರ್ಚ್‌ನಲ್ಲಿ ಪರೀಕ್ಷೆ ಬೇರೆ ಇದೆ, ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ," ಅಂದೆ.

ಅವಳು ನಗಲು ಶುರುಮಾಡಿದಳು. ಯಾಕೆ ಅಷ್ಟು ನಕ್ಕಳೋ. ರೋನಾನ್ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ; ಕೋಟು ಹಾಕಿಕೊಂಡೇ ಪಾಠ ಮಾಡುತ್ತಿದ್ದೆನಲ್ಲ, ಅದಕ್ಕಿರಬೇಕು.

ಆಮೇಲೆ ಅವನು ಉಳಿದದ್ದನ್ನು ಹೇಳಿದ. ಶಾಲೆಯಲ್ಲಿ ಅವಳು ಅವನ ಮುಂದಿನ ಬೆಂಚು. ಐರಿಷ್ ಪ್ರಬಂಧ, ಹಾಡು, ನಾಟಕ, ಎಲ್ಲದರಲ್ಲೂ ಅವಳೇ ಮೊದಲು. ಲೆಕ್ಕದಲ್ಲಿ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಇವನು ಹಿಂದಿನಿಂದ ಉತ್ತರ ಪಿಸುಗುಟ್ಟುತ್ತಿದ್ದ. ಕೊನೆಯ ಪರೀಕ್ಷೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಕೋಣೆ. ಅವಳು ಫೇಲಾದದ್ದನ್ನು ಮನೆಯಲ್ಲೂ ಹೇಳದೆ ಡಬ್ಲಿನ್ ಸೇರಿ ಒಂದು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತಳು. ಈಗ ನರ್ಸ್ ಆಗಬೇಕಂತೆ. ಅದಕ್ಕೆ ಜೂನ್‌ನಲ್ಲಿ ಆ ಲೆಕ್ಕದ ಪರೀಕ್ಷೆಯನ್ನೇ ಮತ್ತೆ ಬರೆಯಬೇಕು.

"ಇಷ್ಟಕ್ಕೆ ನನ್ನನ್ನ ಮೂರು ತಿಂಗಳು ಬೇಯಿಸಿದ್ಯಾ?"

"ಮಾತು ಕೊಟ್ಟಿದ್ದೆನಲ್ಲೇ."

"ಆ ಉಂಗುರ?"

"ಯಾವ ಉಂಗುರ?" ಅಂದ. ಆಮೇಲೆ ನೆನಪಾಗಿ, "ಅಯ್ಯೋ ಮಾರಾಯ್ತಿ, ಅದು ಸಿಕ್ಕಾಗ ಅವಳು ನನ್ನ ಮುಖ ನೋಡಿ, ಬ್ರ್ಯಾಕ್‌ಗೂ ನನ್ನ ಹಾಗೇ ಲೆಕ್ಕ ಬರಲ್ಲ, ತಪ್ಪು ಜೋಡಿ ಕೂಡಿಸಿದೆ ಅಂದ್ಲು."

ನಕ್ಕೆ. ನಗು ಮುಗಿದ ಮೇಲೂ ಒಳಗೆ ಒಂದು ಕಡೆ ಉರಿಯುತ್ತಲೇ ಇದೆ. ಅವನ ಹನ್ನೆರಡನೇ ವಯಸ್ಸು ಅವಳ ಹತ್ತಿರ ಇದೆ, ನನ್ನ ಹತ್ತಿರ ಇಲ್ಲ. ಅವಳ ದನಿಯಾದರೂ ಅಷ್ಟು ಇಂಪಾಗಿರಬೇಕಿತ್ತೇ?

ಕ್ರಿಸ್‌ಮಸ್‌ಗೆ ಇಬ್ಬರೂ ವಾಟರ್‌ಫರ್ಡ್‌ಗೆ ಹೋಗುತ್ತಿದ್ದೇವೆ.

ಜನವರಿ 14, ಮಂಗಳವಾರ

ಮಂಗಳವಾರ, ಗುರುವಾರದ ಪಾಠ ಈಗ ನನ್ನದು. ಕಾವಲಿಗಾಗಿ, ಬೇರೇನೂ ಅಲ್ಲ. ಇಬ್ಬರನ್ನೂ ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯಲಿಲ್ಲ. ಇಂಗ್ಲಿಷ್‌ನಲ್ಲಿ ಹೇಳಿದರೆ ಅವಳು ಕಲ್ಲಾಗುತ್ತಾಳೆ, ಹಾಗಾಗಿ ಹೇಗೋ ಅವಳ ದಾರಿಯಲ್ಲೇ ಹೋಗುತ್ತೇನೆ. ಪದ ಸಿಗದಿದ್ದರೆ ಅವಳು ಎತ್ತಿಕೊಡುತ್ತಾಳೆ. ತಿದ್ದುವುದಿಲ್ಲ, ಎತ್ತಿಕೊಡುತ್ತಾಳೆ. ವ್ಯತ್ಯಾಸ ರೋನಾನ್‌ಗೆ ಹೇಳಿದೆ, ಅವನಿಗೆ ಅರ್ಥವಾಗಲಿಲ್ಲ.

ಇವತ್ತು ಶೇಕಡಾ ಲೆಕ್ಕ. ಅದು ಮುಗಿದ ಮೇಲೆ ಅವಳ ಮನೆಯೊಡತಿಯ ಬೆಕ್ಕಿನ ಕಥೆ. ಬೆಕ್ಕಿಗೆ ಮಾತ್ರೆ ನುಂಗಿಸಲು ಹೋಗಿ ಒಡತಿಯೇ ನುಂಗಿಬಿಟ್ಟಳಂತೆ. ಬೆಕ್ಕಿನ ತೂಕಕ್ಕೂ ಒಡತಿಯ ತೂಕಕ್ಕೂ ಲೆಕ್ಕ ಹಾಕಿ, ಏನೂ ಆಗುವುದಿಲ್ಲವೆಂದು ಬ್ಲಾನಿಡ್ ತಾನೇ ಧೈರ್ಯ ಹೇಳಿದಳಂತೆ. ಲೆಕ್ಕ ಸರಿಯಿತ್ತು. ನಾನೂ ಹಾಕಿ ನೋಡಿದೆ. ಕೊನೆಯಲ್ಲಿ ಅವಳು ರೋನಾನ್ ಬಗ್ಗೆ ಏನೋ ಹೇಳಿದಳು, ಶಾಲೆಯ ನಾಟಕದಲ್ಲಿ ಅವನು ಮೇಕೆ ಆಗಿದ್ದನಂತೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ, ನನಗೆ ಅವನು ಇದನ್ನು ಯಾಕೆ ಹೇಳಿರಲಿಲ್ಲ ಎಂದು ಮತ್ತೆ ಉರಿ.

ರೋನಾನ್ ಪಾತ್ರೆ ತೊಳೆಯುತ್ತಿದ್ದ. "ನನಗೆ ಫೋನ್ ಕೊಡಲ್ವಾ?" ಅಂದ. ಕೊಡಲಿಲ್ಲ.

ಮಾರ್ಚ್ 8, ಶನಿವಾರ

ಮುಗಿಯಿತು. ಫೇಲ್.

ಮೌಖಿಕ ಪರೀಕ್ಷೆಗೆ ಲಿಮರಿಕ್‌ಗೆ ಹೋಗಿದ್ದೆ. ಎಲ್ಲರ ಹಾಗೆ ನಾನೂ ಪುಟಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದೆ: ನನ್ನ ಊರು, ನನ್ನ ಹವ್ಯಾಸಗಳು, ಪರಿಸರ ಮಾಲಿನ್ಯ. ಪರೀಕ್ಷಕಿ ಬಿಳಿಕೂದಲಿನ ಹೆಂಗಸು, ಮಿಸೆಸ್ ಹ್ಯಾಕೆಟ್‌ರ ಅಕ್ಕನಂತಿದ್ದರು. "ನಾನು ಹುಟ್ಟಿದ್ದು ಸಮುದ್ರತೀರದ ಸುಂದರ ನಗರದಲ್ಲಿ" ಎಂದು ಶುರುಮಾಡಿದ್ದೆನಷ್ಟೆ, ಕೈಯೆತ್ತಿ ನಿಲ್ಲಿಸಿದರು.

"ಆ ಸುಂದರ ನಗರಕ್ಕೆ ಬೆಳಗ್ಗಿಂದ ಎಂಟು ಸಲ ಹೋಗಿಬಂದೆ ಕಣಮ್ಮ. ಸಾಕು. ನಿಮಗೆ ಐರಿಷ್ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ," ಅಂದೆ.

"ಯಾರೋ ಇರಲೇಬೇಕು."

ಅಲ್ಲಿಗೆ ನನ್ನ ಕಟ್ಟೆ ಒಡೆಯಿತು. ಗಂಡನ ಫೋನು, ಮೆಟ್ಟಿಲು, ಹ್ಯಾಲೋವೀನ್ ಉಂಗುರ, ತಾಮ್ರದ ಕೂದಲು, ಟವೆಲ್ ಕೆಳಗಿನ ನಿಘಂಟು, ಒಂದನ್ನೂ ಬಿಡದೆ ಹೇಳಿಬಿಟ್ಟೆ. ಲಿಮರಿಕ್ ಮೀಟಿಂಗಿನ ಅನುಮಾನವನ್ನೂ ಹೇಳಿದೆ, ಲಿಮರಿಕ್‌ನಲ್ಲೇ ಕೂತು. ಬ್ಲಾನಿಡ್‌ಳ ಗುಟ್ಟನ್ನು ಮಾತ್ರ ಹೇಳಲಿಲ್ಲ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ, "ಆಮೇಲೆ?" "ಅತ್ತೆ ಏನಂದ್ರು?" ಎಂದು ಕೇಳುತ್ತಲೇ ಇದ್ದರು. ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟಿದಾಗಲೇ ನನಗೆ ಎಚ್ಚರವಾದದ್ದು. ಪರಿಸರ ಮಾಲಿನ್ಯದ ಒಂದು ಸಾಲೂ ಹೇಳಿರಲಿಲ್ಲ. ತಯಾರಿ ಮಾಡಿದ್ದೆಲ್ಲ ನೀರುಪಾಲು.

ಎದ್ದು ಬರುವಾಗ ಅವರು, "ಆ ಹುಡುಗಿ ಈಗಲೂ ಫೋನ್ ಮಾಡ್ತಾಳಾ?" ಅಂದರು.

"ಮಾಡ್ತಾಳೆ. ನಂಗೆ ಮಾಡ್ತಾಳೆ," ಅಂದೆ.

ಮನೆಗೆ ಬಂದು ರೋನಾನ್‌ನ ಹೆಗಲ ಮೇಲೆ ಅತ್ತೆ. ಬ್ಲಾನಿಡ್‌ಗೆ ಫೋನ್ ಮಾಡಿ ಅವಳ ಹತ್ತಿರವೂ ಅತ್ತೆ. "ಎಷ್ಟು ಹೊತ್ತು ಮಾತಾಡಿದ್ರಿ?" ಎಂದು ಕೇಳಿದಳು. ಹೇಳಿದೆ. "ಅಳಬೇಡಿ. ನೀವು ದಡ್ಡಿ ಅಲ್ಲ," ಅಂದಳು, ಆ ಹಾಳು ಇಂಪಾದ ದನಿಯಲ್ಲಿ.

ಏಪ್ರಿಲ್ 30, ಬುಧವಾರ

ಪಾಸಂತೆ. ಕ್ರೋನಿನ್ ಸ್ಟಾಫ್‌ರೂಮಿನಲ್ಲಿ ಕೇಕ್ ಕತ್ತರಿಸಿ, ಜಾಗ ಇನ್ನು ನಿಮ್ಮದೇ ಅಂದರು. ಮಾತಿನ ಭಾಗಕ್ಕೆ ಇಷ್ಟು ಅಂಕ ಕೊಟ್ಟದ್ದನ್ನು ತಾವು ನೋಡಿಯೇ ಇಲ್ಲವಂತೆ. ಎಲ್ಲೋ ಕೂಡುವಾಗ ತಪ್ಪಿರಬೇಕು. ನಾನಾಗಿ ಹೋಗಿ ಕೇಳುವುದಿಲ್ಲ.

ಈಗ ಅದಕ್ಕಿಂತ ದೊಡ್ಡ ಗಡಿಬಿಡಿ ಮನೆಯಲ್ಲಿದೆ. ಬ್ಲಾನಿಡ್ ಬರುತ್ತಿದ್ದಾಳೆ. ಜೂನ್ ಹತ್ತಿರವಾಯಿತು, ಕ್ಷೇತ್ರಗಣಿತ ಫೋನಿನಲ್ಲಿ ಹೇಳಿಕೊಡಲು ಆಗುವುದಿಲ್ಲ, ರೊಟ್ಟಿಗೆ ಎಷ್ಟು ಮೂಲೆಗಳಿರುತ್ತವೆ ಪಾಪ. ಸೋಮವಾರ ಹೇಗೂ ರಜೆ, ನಾಲ್ಕು ದಿನ ಇದ್ದು ಹೋಗಿ ಎಂದು ನಾನೇ ಕರೆದೆ. ಕರೆದು ಫೋನಿಟ್ಟವಳೇ ಕನ್ನಡಿಯ ಮುಂದೆ ಹೋಗಿ ನಿಂತೆ. ತಾಮ್ರದ ಕೂದಲು ನನ್ನ ಅಡುಗೆಮನೆಯೊಳಗೇ. ನಾಳೆ ಸಂಜೆ ನಾನೂ ಕೂದಲು ಮಾಡಿಸಿಕೊಳ್ಳುತ್ತೇನೆ. ಹಸಿರು ಕೋಟು ಒಗೆಯಲು ಕೊಟ್ಟಿದ್ದೇನೆ.

ರೋನಾನ್ ಮಾಳಿಗೆಯ ಸಣ್ಣ ಕೋಣೆಯಲ್ಲಿ ಮಂಚ ಎಳೆಯುತ್ತಾ ಗೊಣಗಿದ. "ನಿನ್ನೆ ಒಂದು ಗಂಟೆ ಏನು ನಗ್ತಿದ್ರಿ ನೀವಿಬ್ರೂ?"

"ಅವಳದೊಂದು ವಿಷಯ ಇದೆ. ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ, ಚಿನ್ನ."

"ನನ್ನ ಗೆಳತಿ ಅವಳು."

"ಟವೆಲ್ ಸರಿಯಾಗಿ ಮಡಿಸು," ಅಂದೆ.

ಸ್ಟೇಷನ್‌ಗೆ ಕಾರು ತರುತ್ತೇನೆ ಅಂದ. ಬೇಡ ಅಂದೆ. ಅವಳನ್ನು ಮೊದಲು ನೋಡುವವಳು ನಾನೇ ಆಗಬೇಕು, ಅವಳು ಮೊದಲು ನೋಡುವುದೂ ನನ್ನನ್ನೇ. ಮೂವರ ಊಟಕ್ಕೆ ಆಲೂಗಡ್ಡೆ ಬೇಯಿಸುತ್ತಾ ಅವನು ಮನೆಯಲ್ಲಿರಲಿ. ಅವಳು ಬರುವುದು ಶುಕ್ರವಾರ, ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್‌ನಿಂದ ಸಂಜೆ ಐದಕ್ಕೆ ಹೊರಡುವ ಟ್ರಲೀ ಗಾಡಿಯಲ್ಲಿ.